ಸ್ಪಿಟ್ಸ್‌ಬರ್ಗನ್: ಹಿಮದ ನಾಡಿನ ಹಗೇವು



ನಮ್ಮ ಕನ್ನಡ ಕಾರ್ಯಕ್ರಮ ಮುಗಿದ ಮೇಲೆ ಬೀದರ್ ಕಡೆಯ ಹಿರಿಯರೊಬ್ಬರು ಫೋನ್ ಮಾಡಿದ್ದರು. "ಹಿಮಕರಡಿ ಅಡ್ಡಾಡೋ ಊರಾಗ ನಮ್ಮ ಜ್ವಾಳ ಒಯ್ದು ಇಟ್ಟಾರಂತಲ್ರಿ, ಖರೇ ಏನು?" ಎಂದು ಕೇಳಿದರು. ಖರೇನೇ. ಜೋಳ ಮಾತ್ರವಲ್ಲ, ತೊಗರಿ, ಕಡಲೆ, ಸಜ್ಜೆ, ಶೇಂಗಾ, ರಾಗಿ ಎಲ್ಲ ಅಲ್ಲಿಗೆ ಹೋಗಿವೆ. ಹೋದದ್ದು ಬೇರೆ ಎಲ್ಲಿಂದಲೋ ಅಲ್ಲ, ಕೂಕಟ್‌ಪಲ್ಲಿಯವರು ಊರಿಗೆ ಹೋಗುವಾಗ ದಾಟುವ ಪಟಾನ್‌ಚೆರುವಿನಿಂದ. ಫೋನಿನಲ್ಲಿ ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲವಾದ್ದರಿಂದ ಈ ಸಲ ಪತ್ರಿಕೆಯಲ್ಲೇ ಬರೆಯುತ್ತಿದ್ದೇನೆ.

ಮೊದಲು ಆ ಊರು ಎಲ್ಲಿದೆ ನೋಡೋಣ. ಮಕ್ಕಳ ಅಟ್ಲಾಸ್ ತೆಗೆದುಕೊಂಡು ನಾರ್ವೆ ದೇಶವನ್ನು ಹುಡುಕಿ. ಅದರ ಉತ್ತರದ ತುದಿಯಿಂದ ಸಮುದ್ರದ ಮೇಲೆ ಹಾಗೇ ಬೆರಳು ಸರಿಸುತ್ತ ಹೋದರೆ, ಉತ್ತರ ಧ್ರುವಕ್ಕೆ ಹೋಗುವ ಅರ್ಧ ದಾರಿಯಲ್ಲಿ ಒಂದು ದ್ವೀಪಗಳ ಗುಂಪು ಸಿಗುತ್ತದೆ. ಗುಂಪಿನ ಹೆಸರು ಸ್ವಾಲ್‌ಬಾರ್ಡ್. ಅದರಲ್ಲಿ ಎಲ್ಲಕ್ಕಿಂತ ದೊಡ್ಡದು ಸ್ಪಿಟ್ಸ್‌ಬರ್ಗನ್. ವಿಸ್ತೀರ್ಣ ಸುಮಾರು 38,000 ಚದರ ಕಿಲೋಮೀಟರ್, ಹೆಚ್ಚುಕಡಿಮೆ ನಮ್ಮ ಕೇರಳದಷ್ಟು. ಕೇರಳದಲ್ಲಿ ಮೂರು ಕೋಟಿಗೂ ಹೆಚ್ಚು ಜನ ಇದ್ದಾರೆ. ಇಲ್ಲಿ ಎಲ್ಲ ಊರುಗಳನ್ನೂ ಸೇರಿಸಿದರೆ ಮೂರು ಸಾವಿರದ ಆಸುಪಾಸು. ಕೆ.ಪಿ.ಎಚ್.ಬಿ. ಕಾಲೊನಿಯ ನಾಲ್ಕಾರು ಅಪಾರ್ಟ್‌ಮೆಂಟುಗಳಲ್ಲಿ ಅಷ್ಟು ಜನ ಸಿಗುತ್ತಾರೆ.

ಇಲ್ಲೊಂದು ತಮಾಷೆ ಇದೆ. ಹೈದರಾಬಾದ್ 78 ಡಿಗ್ರಿ ರೇಖಾಂಶದ ಮೇಲಿದೆ. ಆ ದ್ವೀಪದ ಮುಖ್ಯ ಪಟ್ಟಣ ಲಾಂಗ್‌ಯಿಯರ್‌ಬೈನ್ 78 ಡಿಗ್ರಿ ಅಕ್ಷಾಂಶದ ಮೇಲಿದೆ. ಅಂಕಿ ಒಂದೇ, ದಿಕ್ಕು ಬೇರೆ. ನಡುವಿನ ದೂರ ಆಕಾಶಮಾರ್ಗದಲ್ಲಿ ನೇರ ಗೆರೆ ಎಳೆದರೂ ಏಳೂವರೆ ಸಾವಿರ ಕಿಲೋಮೀಟರ್. ಅಲ್ಲಿಂದ ಉತ್ತರ ಧ್ರುವ ಇನ್ನು 1,300 ಕಿಲೋಮೀಟರ್ ಮಾತ್ರ.

ನೆಲ ಹೇಗಿದೆ ಎಂದರೆ, ಚೂಪು ಚೂಪು ಬೆಟ್ಟಗಳು, ಅವುಗಳ ನಡುವೆ ಹಿಮನದಿಗಳು, ಒಳನಾಡಿನವರೆಗೆ ನುಗ್ಗಿ ಬಂದ ಸಮುದ್ರದ ಕೊಲ್ಲಿಗಳು. ಅತಿ ಎತ್ತರದ ಶಿಖರವೇ 1,700 ಮೀಟರ್ ಚಿಲ್ಲರೆ, ನಮ್ಮ ಮುಳ್ಳಯ್ಯನಗಿರಿಗಿಂತ ಕಡಿಮೆ. ಸ್ವಾಲ್‌ಬಾರ್ಡ್‌ನ ಅರ್ಧಕ್ಕೂ ಹೆಚ್ಚು ನೆಲದ ಮೇಲೆ ಸದಾ ಮಂಜುಗಡ್ಡೆ. ಉಳಿದ ಕಡೆಯೂ ಮೇಲಿನ ಪದರದ ಮಣ್ಣು ಮಾತ್ರ ಬೇಸಿಗೆಯಲ್ಲಿ ಕರಗುತ್ತದೆ, ಅದರ ಕೆಳಗೆ ವರ್ಷವಿಡೀ ಕಲ್ಲಿನಂತೆ ಹೆಪ್ಪುಗಟ್ಟಿದ ನೆಲ. ಈ ಹೆಪ್ಪುಗಟ್ಟಿದ ನೆಲವನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬರುತ್ತದೆ. ಮರ ಎಂಬುದು ಒಂದೂ ಇಲ್ಲ. ಅಲ್ಲಿನ ವಿಲ್ಲೋ ಗಿಡ ನೆಲಕ್ಕಂಟಿಕೊಂಡು ಬೆರಳೆತ್ತರ ಬೆಳೆದರೆ ಹೆಚ್ಚು. ಮಳೆ, ಹಿಮ ಎಲ್ಲ ಸೇರಿ ವರ್ಷಕ್ಕೆ 200 ಮಿಲಿಮೀಟರ್ ಸುಮಾರು. ಬರಗಾಲದ ವಿಜಾಪುರದಲ್ಲಿ ಇದಕ್ಕಿಂತ ಹೆಚ್ಚು ಮಳೆ ಬೀಳುತ್ತದೆ! ನೀರು ಕಣ್ಣೆದುರೇ ಬೆಟ್ಟದಷ್ಟಿದ್ದರೂ ಅದು ಒಂದು ಮರುಭೂಮಿ.

ಇಷ್ಟು ಉತ್ತರದಲ್ಲಿದ್ದೂ ಮನುಷ್ಯರು ಬದುಕಲು ಸಾಧ್ಯವಾಗಿರುವುದು ಸಮುದ್ರದ ದಯೆಯಿಂದ. ಅಟ್ಲಾಂಟಿಕ್ ಸಾಗರದ ಬೆಚ್ಚನೆಯ ಪ್ರವಾಹದ ಕೊನೆಯ ಎಳೆ ಈ ದ್ವೀಪದ ಪಶ್ಚಿಮ ಕರಾವಳಿಯನ್ನು ಸವರಿಕೊಂಡು ಹೋಗುತ್ತದೆ. ಊರುಗಳೆಲ್ಲ ಆ ಕಡೆಗೇ ಇವೆ.

ಇನ್ನು ಹಗಲು ರಾತ್ರಿಯ ಲೆಕ್ಕ. ಏಪ್ರಿಲ್ 20ರ ಸುಮಾರಿನಿಂದ ಆಗಸ್ಟ್ ಮೂರನೆಯ ವಾರದವರೆಗೆ ಸೂರ್ಯ ಮುಳುಗುವುದೇ ಇಲ್ಲ. ಅಕ್ಟೋಬರ್ ಕೊನೆಯಿಂದ ಫೆಬ್ರುವರಿ ನಡುವಿನವರೆಗೆ ಹುಟ್ಟುವುದೇ ಇಲ್ಲ. ಫೆಬ್ರುವರಿಯಲ್ಲಿ ಹುಟ್ಟಿದರೂ ಲಾಂಗ್‌ಯಿಯರ್‌ಬೈನ್ ಕಣಿವೆಯಲ್ಲಿರುವುದರಿಂದ ಬೆಟ್ಟದ ಮರೆಯಾಗಿ, ಮೊದಲ ಬಿಸಿಲು ಊರಿಗೆ ಬೀಳುವುದು ಮಾರ್ಚ್ 8ರ ಹೊತ್ತಿಗೆ. ಆ ದಿನ ಮಕ್ಕಳು ದೊಡ್ಡವರು ಎಲ್ಲ ಹಳೆಯ ಆಸ್ಪತ್ರೆಯ ಮೆಟ್ಟಿಲ ಹತ್ತಿರ ಸೇರಿ, ಆ ಮೆಟ್ಟಿಲ ಮೇಲೆ ಬಿಸಿಲು ಬೀಳುವುದನ್ನೇ ಕಾಯುತ್ತಾರೆ. ಆಸ್ಪತ್ರೆಯ ಕಟ್ಟಡ ಹೋಗಿ ಎಷ್ಟೋ ಕಾಲವಾಯಿತು, ಮೆಟ್ಟಿಲು ಮಾತ್ರ ಈ ಒಂದು ದಿನಕ್ಕಾಗಿ ಉಳಿದಿದೆ. ಮೇ ತಿಂಗಳಲ್ಲಿ ಬಿಸಿಲಿಗೆ ಶಾಪ ಹಾಕುವ ನಮಗೆ ಇದು ವಿಚಿತ್ರ ಅನ್ನಿಸಬಹುದು. ಸಂಕ್ರಾಂತಿ ಮಾಡುವವರಿಗೆ ಅರ್ಥವಾದೀತು.

ಈಗ ಚರಿತ್ರೆ. ಗ್ರೀನ್‌ಲ್ಯಾಂಡಿನಲ್ಲಿ ಇನುಯಿಟ್ ಜನ ಇದ್ದಾರೆ, ಅದು ಅವರ ನಾಡು. ಸ್ಪಿಟ್ಸ್‌ಬರ್ಗನ್‌ಗೆ ಅಂಥ ಮೂಲನಿವಾಸಿಗಳೇ ಇಲ್ಲ. ಅಲ್ಲಿಗೆ ಹೋದವರೆಲ್ಲ ಹೊರಗಿನವರೇ. 1596ರ ಜೂನ್ 17ರಂದು ವಿಲ್ಲೆಮ್ ಬಾರೆಂಟ್ಸ್ ಎಂಬ ಡಚ್ ನಾವಿಕ ಇದನ್ನು ಕಂಡ. ಅವನು ಹೊರಟದ್ದು ಚೀನಾ ಮುಂತಾದ ಪೂರ್ವದೇಶಗಳಿಗೆ ಉತ್ತರದ ಸಮುದ್ರದಿಂದ ಒಂದು ಅಡ್ಡದಾರಿ ಹುಡುಕಲು. ದಾರಿ ಸಿಗಲಿಲ್ಲ, ಚೂಪು ಬೆಟ್ಟಗಳು ಸಿಕ್ಕವು. ಸ್ಪಿಟ್ಸ್‌ಬರ್ಗನ್ ಎಂದರೆ ಅದೇ, ಚೂಪು ಬೆಟ್ಟ. ಮರುವರ್ಷ ಊರಿಗೆ ಮರಳುವ ದಾರಿಯಲ್ಲೇ ಬಾರೆಂಟ್ಸ್ ತೀರಿಕೊಂಡ.

ಅವನ ಹಿಂದೆ ತಿಮಿಂಗಿಲ ಬೇಟೆಯವರು ಬಂದರು. ಡಚ್ಚರು, ಇಂಗ್ಲಿಷರು ಪೈಪೋಟಿಯ ಮೇಲೆ ತಿಮಿಂಗಿಲ ಕೊಂದು, ದಡದಲ್ಲೇ ದೊಡ್ಡ ತಾಮ್ರದ ಹಂಡೆಗಳಲ್ಲಿ ಕೊಬ್ಬು ಕಾಯಿಸಿ, ಯುರೋಪಿನ ದೀಪಕ್ಕೆ, ಸಾಬೂನಿಗೆ ಎಣ್ಣೆ ಕಳಿಸಿದರು. ವಾಯವ್ಯ ಮೂಲೆಯ ಒಂದು ಸಣ್ಣ ದ್ವೀಪದಲ್ಲಿ ಡಚ್ಚರು ಕಟ್ಟಿದ ಠಾಣ್ಯದ ಹೆಸರೇ ಸ್ಮೇರೆನ್‌ಬುರ್ಗ್, 'ಕೊಬ್ಬಿನ ಊರು'. ನೂರಿನ್ನೂರು ವರ್ಷದಲ್ಲಿ ಆ ಕಡಲಿನ ತಿಮಿಂಗಿಲ ಬರಿದಾಯಿತು, ಬೇಟೆಯವರು ಹೋದರು. ರಷ್ಯಾದ ಬೇಟೆಗಾರರು ಬಂದು ಚರ್ಮಕ್ಕಾಗಿ ನರಿ, ಕರಡಿ, ವಾಲ್ರಸ್ ಹಿಡಿದರು. ಆಮೇಲೆ ಕಲ್ಲಿದ್ದಲು. 1906ರಲ್ಲಿ ಜಾನ್ ಮನ್ರೋ ಲಾಂಗ್‌ಯಿಯರ್ ಎಂಬ ಅಮೆರಿಕನ್ ಇಲ್ಲಿ ಗಣಿ ಕಂಪನಿ ಆರಂಭಿಸಿದ. ಅವನ ಹೆಸರೇ ಪಟ್ಟಣಕ್ಕೆ ಉಳಿದುಕೊಂಡಿತು. 1916ರಲ್ಲಿ ಗಣಿಯನ್ನು ನಾರ್ವೆಯವರು ಕೊಂಡರು.

ಅಷ್ಟು ದಿನವೂ ಈ ನೆಲ ಯಾವ ದೇಶದ್ದೂ ಆಗಿರಲಿಲ್ಲ ಎಂದರೆ ನಂಬುತ್ತೀರಾ? ಕಲ್ಲಿದ್ದಲಿಗೆ ಜಗಳ ಶುರುವಾದ ಮೇಲೆ ಯಜಮಾನ ಯಾರು ಎಂಬ ಪ್ರಶ್ನೆ ಬಂತು. ಮೊದಲ ಮಹಾಯುದ್ಧ ಮುಗಿದ ಬಳಿಕ, 1920ರ ಫೆಬ್ರುವರಿ 9ರಂದು ಪ್ಯಾರಿಸ್ಸಿನಲ್ಲಿ ಒಂದು ಒಪ್ಪಂದವಾಯಿತು. ನೆಲ ನಾರ್ವೆಯದು. ಆದರೆ ಸಹಿ ಹಾಕಿದ ಎಲ್ಲ ದೇಶಗಳ ಪ್ರಜೆಗಳಿಗೂ ಅಲ್ಲಿ ಇರಲು, ಮೀನು ಹಿಡಿಯಲು, ಗಣಿ ತೋಡಲು, ವ್ಯಾಪಾರ ಮಾಡಲು ನಾರ್ವೆಯವರಷ್ಟೇ ಹಕ್ಕು. ಯುದ್ಧಕ್ಕಾಗಿ ನೆಲೆ ಕಟ್ಟುವ ಹಾಗಿಲ್ಲ. ಅಲ್ಲಿ ಎತ್ತಿದ ತೆರಿಗೆ ಅಲ್ಲಿಗೇ ಖರ್ಚಾಗಬೇಕು. ಸಹಿ ಹಾಕಿದವರ ಪಟ್ಟಿಯಲ್ಲಿ ಭಾರತದ ಹೆಸರೂ ಇದೆ. ಆಗ ನಮ್ಮನ್ನು ಆಳುತ್ತಿದ್ದ ಬ್ರಿಟಿಷರೇ ನಮ್ಮ ಪರವಾಗಿ ಸಹಿ ಮಾಡಿದರು, ನಮ್ಮನ್ನು ಯಾರೂ ಕೇಳಲಿಲ್ಲ. ಆದರೂ ಆ ಸಹಿಯ ಫಲ ನಮಗೆ ಉಳಿಯಿತು. ಒಪ್ಪಂದ 1925ರಲ್ಲಿ ಜಾರಿಗೆ ಬಂತು.

ಹಾಗಾಗಿ ಇವತ್ತಿಗೂ ಸ್ವಾಲ್‌ಬಾರ್ಡ್‌ನಲ್ಲಿ ವಾಸ ಮಾಡಲು ವೀಸಾ ಬೇಡ. ಕೇಳಿ ಯಾರೂ ಕೂಡಲೇ ಪೆಟ್ಟಿಗೆ ಕಟ್ಟಬೇಡಿ. ವಿಮಾನ ನಾರ್ವೆಯ ಮೂಲಕವೇ ಹೋಗುವುದರಿಂದ ಅದನ್ನು ದಾಟಲು ಷೆಂಗೆನ್ ವೀಸಾ ಬೇಕೇ ಬೇಕು, ಅದೂ ಎರಡು ಸಲ ಒಳಗೆ ಬರುವಂಥದ್ದು. ಕೈಯಲ್ಲಿ ಕೆಲಸ ಅಥವಾ ಹಣ ಇಲ್ಲದವರನ್ನು ಅಲ್ಲಿನ ಗವರ್ನರ್ ವಾಪಸ್ ಕಳಿಸಬಹುದು. ನಿರುದ್ಯೋಗಿಗಳಿಗೆ, ವೃದ್ಧರಿಗೆ ಸರ್ಕಾರದ ಆಸರೆ ಇಲ್ಲ. ದುಡಿಯುವ ತನಕ ಇರು, ಆಗದಿದ್ದರೆ ನಿನ್ನ ಊರಿಗೆ ಹೋಗು ಎನ್ನುವ ಪದ್ಧತಿ.

ಅಲ್ಲಿನ ಜನರ ಬದುಕು ಈ ಒಂದು ಮಾತಿನ ಸುತ್ತಲೇ ತಿರುಗುತ್ತದೆ. ಲಾಂಗ್‌ಯಿಯರ್‌ಬೈನ್‌ನಲ್ಲಿರುವ ಸುಮಾರು 2,500 ಜನರಲ್ಲಿ ಐವತ್ತಕ್ಕೂ ಹೆಚ್ಚು ದೇಶದವರಿದ್ದಾರೆ. ನಾರ್ವೆಯವರ ನಂತರ ಹೆಚ್ಚಿನವರು ಥಾಯ್ಲೆಂಡ್ ಮತ್ತು ಫಿಲಿಪೀನ್ಸ್‌ನವರು. ಹೋಟೆಲು, ಅಂಗಡಿ, ಸ್ವಚ್ಛತೆಯ ಕೆಲಸಕ್ಕೆ ಬಂದವರು. ಅಲ್ಲೇ ಹುಟ್ಟಿದವರು ಎಂದು ಹೇಳಿಕೊಳ್ಳುವವರು ಸಿಗುವುದು ಅಪರೂಪ. ಹೆರಿಗೆಗೆ ತಕ್ಕ ಆಸ್ಪತ್ರೆ ಇಲ್ಲದ್ದರಿಂದ ಗರ್ಭಿಣಿಯರು ದಿನ ತುಂಬುವ ಕೆಲವು ವಾರ ಮುಂಚೆಯೇ ನಾರ್ವೆಯ ಮುಖ್ಯ ಭೂಭಾಗಕ್ಕೆ ಹೋಗುತ್ತಾರೆ. 'ಅಲ್ಲಿ ಸಾಯುವುದು ಕಾನೂನಿಗೆ ವಿರುದ್ಧ' ಎಂಬ ಮಾತು ಇಂಟರ್‌ನೆಟ್ಟಿನಲ್ಲಿ ಓಡಾಡುತ್ತದೆ. ಅದು ಸುಳ್ಳು. ನಿಜವೇನೆಂದರೆ ಹೆಪ್ಪುಗಟ್ಟಿದ ನೆಲದಲ್ಲಿ ಹೂತ ಶವ ಕೊಳೆಯುವುದಿಲ್ಲ, ಜತೆಗೆ ನೆಲ ಹೆಪ್ಪುಗಟ್ಟಿ ಕರಗಿ ಪೆಟ್ಟಿಗೆಯನ್ನು ಮೇಲಕ್ಕೆ ತಳ್ಳುತ್ತದೆ. ಆದ್ದರಿಂದ ಅಲ್ಲಿ ಶವಪೆಟ್ಟಿಗೆ ಹೂಳುವುದನ್ನು ಬಹಳ ಹಿಂದೆಯೇ ನಿಲ್ಲಿಸಿದ್ದಾರೆ. 1918ರ ಇನ್‌ಫ್ಲುಯೆಂಜಾದಲ್ಲಿ ತೀರಿಕೊಂಡ ಏಳು ಯುವಕರ ಸಮಾಧಿಗಳು ಅಲ್ಲಿವೆ. 80 ವರ್ಷದ ಮೇಲೆ, 1998ರಲ್ಲಿ, ವಿಜ್ಞಾನಿಗಳು ಆ ವೈರಾಣು ಸಿಕ್ಕೀತೇನೋ ಎಂದು ಅವುಗಳನ್ನು ತೆರೆದು ನೋಡಿದರು. ಜೀವಂತ ವೈರಾಣು ಸಿಗಲಿಲ್ಲ.

2022ರಲ್ಲಿ ನಾರ್ವೆ ಸರ್ಕಾರ ಒಂದು ನಿಯಮ ತಂದಿತು. ಹೊರದೇಶದವರು ಮುಖ್ಯ ಭೂಭಾಗದಲ್ಲಿ ಮೂರು ವರ್ಷ ಇದ್ದ ಹೊರತು ಲಾಂಗ್‌ಯಿಯರ್‌ಬೈನ್‌ನ ಸ್ಥಳೀಯ ಚುನಾವಣೆಯಲ್ಲಿ ಮತ ಹಾಕುವಂತಿಲ್ಲ. ಹತ್ತಾರು ವರ್ಷ ಅಲ್ಲೇ ದುಡಿದವರು ಒಂದೇ ಸಲಕ್ಕೆ ಮತದಾರರ ಪಟ್ಟಿಯಿಂದ ಹೊರಗಾದರು. ಹಕ್ಕು ಎಲ್ಲರಿಗೂ ಸಮ ಎಂದ ಒಪ್ಪಂದದ ನೆಲದಲ್ಲಿ ಇದು ನನಗಂತೂ ಸರಿ ಕಾಣಲಿಲ್ಲ. ಇರುವುದು ಒಂದು ಕಡೆ, ಓಟು ಇನ್ನೊಂದು ಕಡೆ ಎಂಬ ಪಾಡು ಏನೆಂದು ಕೂಕಟ್‌ಪಲ್ಲಿಗೆ ಬಂದು ನೆಲೆಸಿದ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಬಾರೆಂಟ್ಸ್‌ಬುರ್ಗ್ ಎಂಬ ಇನ್ನೊಂದು ಊರಿನಲ್ಲಿ ರಷ್ಯಾದ ಗಣಿಯವರಿದ್ದಾರೆ. ಅವರದೇ ಪಿರಾಮಿಡನ್ ಎಂಬ ಊರು 1998ರಲ್ಲಿ ಗಣಿ ಮುಚ್ಚಿ ಖಾಲಿಯಾಯಿತು. ನಾರ್ವೆಯ ಕೊನೆಯ ಗಣಿಯೂ 2025ರಲ್ಲಿ ಮುಚ್ಚಿತು. ಹಿಮಕರಡಿಯ ವಿಷಯ ಕೇಳಿದಿರಲ್ಲ, ಅದೂ ನಿಜ. ಊರ ಗಡಿ ದಾಟುವವರು ಕರಡಿಯನ್ನು ಹೆದರಿಸಿ ಓಡಿಸುವ ಸಾಧನ ಇಟ್ಟುಕೊಂಡೇ ಹೋಗಬೇಕೆಂಬ ಕಾನೂನಿದೆ. ಹೆಚ್ಚಿನವರು ಬಂದೂಕನ್ನೂ ಹೊತ್ತಿರುತ್ತಾರೆ.

ಇನ್ನು ನಮ್ಮವರ ಕಥೆ. ದ್ವೀಪದ ವಾಯವ್ಯದಲ್ಲಿ ನ್ಯೂ ಓಲೆಸುಂಡ್ ಎಂಬ ಹಳ್ಳಿ ಇದೆ. ಅದೂ ಮೊದಲು ಗಣಿ ಊರೇ. 1962ರ ಸ್ಫೋಟದಲ್ಲಿ 21 ಜನ ಸತ್ತ ಮೇಲೆ ಗಣಿ ಮುಚ್ಚಿತು. ಈಗ ಅಲ್ಲಿ ಇರುವುದು ಹಲವು ದೇಶಗಳ ಸಂಶೋಧನಾ ಕೇಂದ್ರಗಳು. ಭಾರತದ ಮೊದಲ ತಂಡ 2007ರ ಆಗಸ್ಟ್‌ನಲ್ಲಿ ಹೋದಾಗ ಅದರಲ್ಲಿ ನಮ್ಮ ಹೈದರಾಬಾದಿನ ಸಿ.ಸಿ.ಎಂ.ಬಿ. ಸಂಸ್ಥೆಯವರೂ ಇದ್ದರು. ಹೆಪ್ಪುಗಟ್ಟುವ ಚಳಿಯಲ್ಲೂ ಬದುಕುವ ಸೂಕ್ಷ್ಮಜೀವಿಗಳನ್ನು ಅಲ್ಲಿನ ಮಣ್ಣು, ಕೊಲ್ಲಿಯ ನೀರಿನಿಂದ ಸಂಗ್ರಹಿಸಿದರು. ತಣ್ಣೀರಿನಲ್ಲೇ ಎಣ್ಣೆ ಕಲೆ ತೆಗೆಯುವ ಸೋಪಿನ ಪುಡಿಗೆ ಬೇಕಾಗುವಂಥ ಕಿಣ್ವಗಳು ಇಂಥ ಜೀವಿಗಳಲ್ಲಿ ಸಿಗುತ್ತವೆ. 2008ರ ಜುಲೈ 1ರಂದು 'ಹಿಮಾದ್ರಿ' ಕೇಂದ್ರ ಶುರುವಾಯಿತು. 2014ರ ಜುಲೈನಲ್ಲಿ ಅಲ್ಲಿನ ಕೊಲ್ಲಿಯ ಆಳದಲ್ಲಿ ನೀರಿನ ಉಷ್ಣತೆ, ಉಪ್ಪಿನಂಶ ಅಳೆಯುವ 'ಇಂಡ್‌ಆರ್ಕ್' ಯಂತ್ರವನ್ನು ಇಳಿಸಿದರು. ಅಲ್ಲಿನ ಮಂಜಿಗೂ ಇಲ್ಲಿನ ಮುಂಗಾರಿಗೂ ಇರುವ ನಂಟು ತಿಳಿಯುವುದು ಇದರ ಒಂದು ಉದ್ದೇಶ.

ರೇಡಿಯೊ ಪತ್ರಿಕೆಯಾದ್ದರಿಂದ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ನ್ಯೂ ಓಲೆಸುಂಡ್ ಒಂದು ರೇಡಿಯೊ ಮೌನದ ಊರು. ದೂರದ ನಕ್ಷತ್ರಪುಂಜಗಳ ಸೂಕ್ಷ್ಮ ಸಂಕೇತ ಹಿಡಿದು ಭೂಮಿಯ ಅಲುಗಾಟ ಅಳೆಯುವ ಆಂಟೆನಾಗಳು ಅಲ್ಲಿರುವುದರಿಂದ ಸುತ್ತ 20 ಕಿಲೋಮೀಟರ್ ವೈ-ಫೈ, ಬ್ಲೂಟೂತ್ ಹಾಕುವಂತಿಲ್ಲ, ಮೊಬೈಲು ಮೌನ ವ್ರತದಲ್ಲಿರಬೇಕು. 2023ರ ಡಿಸೆಂಬರ್‌ನಲ್ಲಿ ಭಾರತ ಮೊದಲ ಬಾರಿ ಚಳಿಗಾಲದ ಕತ್ತಲಲ್ಲೂ ಅಲ್ಲಿಗೆ ತಂಡ ಕಳಿಸಿತು. ಅದರಲ್ಲಿ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯವರಿದ್ದರು. ವಿಶ್ವದಲ್ಲಿ ಮೊದಲ ನಕ್ಷತ್ರಗಳು ಹೊತ್ತಿಕೊಂಡ ಕಾಲದ ಕ್ಷೀಣವಾದ ರೇಡಿಯೊ ಅಲೆ ಹುಡುಕುವುದು ಅವರ ಕೆಲಸ. ಅದಕ್ಕಾಗಿ 2020ರಲ್ಲಿ ದಂಡಿಗಾನಹಳ್ಳಿ ಕೆರೆಯಲ್ಲಿ, ಶರಾವತಿ ಹಿನ್ನೀರಿನಲ್ಲಿ ತೆಪ್ಪದ ಮೇಲೆ ಯಂತ್ರ ತೇಲಿಬಿಟ್ಟವರು ಇವರೇ. ಅವರಿಗೆ ಕಾಟ ಕೊಡುವುದರಲ್ಲಿ ನಮ್ಮಂಥ ಎಫ್.ಎಂ. ಕೇಂದ್ರಗಳೂ ಇವೆ! ಅವರು ಹುಡುಕುವ ಅಲೆ ನಾವು ಹಾಡು ಬಿತ್ತರಿಸುವ ಅಲೆಗಳ ಪಕ್ಕದಲ್ಲೇ ಅಡಗಿದೆ. ಗದ್ದಲ ಕಡಿಮೆಯಿರುವ ಜಾಗ ಹುಡುಕಿಕೊಂಡು ಅಷ್ಟು ದೂರ ಹೋದರು.

ಈಗ ಜೋಳಕ್ಕೆ ಬರೋಣ. ನಮ್ಮ ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಹಗೇವು ಇರುತ್ತಿತ್ತು, ಹಿರಿಯರಿಗೆ ನೆನಪಿರಬಹುದು. ನೆಲದಲ್ಲಿ ಆಳವಾದ ಗುಂಡಿ ತೋಡಿ, ಒಳಗೆ ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಬಂಡೆ ಮುಚ್ಚಿ ಮಣ್ಣು ಮೆತ್ತುವುದು. ಒಳಗೆ ಗಾಳಿಯಾಡದೆ ಹುಳು ಸಾಯುತ್ತಿತ್ತು, ಕಾಳು ವರ್ಷಗಟ್ಟಲೆ ಇರುತ್ತಿತ್ತು. ತೆರೆದ ಕೂಡಲೇ ಇಳಿದರೆ ಮನುಷ್ಯನ ಪ್ರಾಣಕ್ಕೂ ಅಪಾಯ, ಅದಕ್ಕೇ ಸ್ವಲ್ಪ ಹೊತ್ತು ಬಾಯಿ ಬಿಟ್ಟು ಕಾಯುತ್ತಿದ್ದರು. ಲಾಂಗ್‌ಯಿಯರ್‌ಬೈನ್ ವಿಮಾನ ನಿಲ್ದಾಣದ ಮೇಲಿನ ಬೆಟ್ಟದಲ್ಲಿರುವುದೂ ಒಂದು ಹಗೇವೇ. 2008ರ ಫೆಬ್ರುವರಿ 26ರಂದು ತೆರೆದ ಜಾಗತಿಕ ಬೀಜ ಭಂಡಾರ. ಬೆಟ್ಟದೊಳಗೆ ನೂರು ಮೀಟರಿಗೂ ಉದ್ದದ ಸುರಂಗ, ಕೊನೆಗೆ ಮೂರು ಕೋಣೆ, ಒಳಗೆ ಸೊನ್ನೆಗಿಂತ 18 ಡಿಗ್ರಿ ಕೆಳಗಿನ ಚಳಿ. ಕರೆಂಟು ಹೋದರೂ ಸುತ್ತಲ ಹೆಪ್ಪುಗಟ್ಟಿದ ಬಂಡೆ ತಂಪು ಕಾಯುತ್ತದೆ. ಈಗ ಅಲ್ಲಿ 13 ಲಕ್ಷಕ್ಕೂ ಹೆಚ್ಚು ಬೀಜ ಮಾದರಿಗಳಿವೆ. ಇಟ್ಟವರೇ ಒಡೆಯರು, ಅವರ ಪೆಟ್ಟಿಗೆಯನ್ನು ಬೇರೆ ಯಾರೂ ತೆರೆಯುವಂತಿಲ್ಲ.

ಪಟಾನ್‌ಚೆರುವಿನ ಇಕ್ರಿಸ್ಯಾಟ್ ಸಂಸ್ಥೆ 1972ರಲ್ಲಿ ಆರಂಭವಾದದ್ದು, ಒಣ ಬೇಸಾಯದ ಬೆಳೆಗಳಿಗಾಗಿ. ಅದರ ಬೀಜ ಭಂಡಾರದಲ್ಲಿ 1,20,000ಕ್ಕೂ ಹೆಚ್ಚು ತಳಿಗಳಿವೆ. ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ, ರಾಗಿ, ಅದರ ಜತೆ ನವಣೆ, ಸಾಮೆ, ಬರಗು, ಊದಲು, ಹಾರಕ. ಅದರಲ್ಲಿ ಒಂದು ಲಕ್ಷಕ್ಕೂ ಹೆಚ್ಚಿನದರ ಪ್ರತಿ ಸ್ವಾಲ್‌ಬಾರ್ಡ್‌ನಲ್ಲಿದೆ.

ಇಷ್ಟೊಂದು ತಳಿ ಯಾಕೆ ಬೇಕು ಎಂದರೆ ಕಲಬುರಗಿಯ ತೊಗರಿಯನ್ನೇ ನೋಡಿ. ನೆಟೆ ರೋಗ ಬಿದ್ದರೆ ಹಸಿರಾಗಿದ್ದ ಹೊಲ ಹೂ ಬಿಡುವ ಹೊತ್ತಿಗೆ ನಿಂತಲ್ಲೇ ಒಣಗಿಹೋಗುತ್ತದೆ. ರೋಗ ಮಣ್ಣಿನಲ್ಲೇ ಇರುವುದರಿಂದ ಔಷಧಿ ಹೊಡೆದು ಫಲವಿಲ್ಲ. ಇಕ್ರಿಸ್ಯಾಟ್‌ನವರು ತಮ್ಮ ಸಂಗ್ರಹದ ತಳಿಗಳನ್ನು ಬೇಕೆಂದೇ ರೋಗದ ಮಣ್ಣಿನಲ್ಲಿ ಬಿತ್ತಿ ನೋಡಿದರು. ತಾಳಿಕೊಂಡು ನಿಂತವುಗಳಲ್ಲಿ ಒಂದು ಐ.ಸಿ.ಪಿ. 8863. ಅದು 1986ರಲ್ಲಿ ಕರ್ನಾಟಕದಲ್ಲಿ 'ಮಾರುತಿ' ಎಂಬ ಹೆಸರಿನಲ್ಲಿ ಬಿಡುಗಡೆಯಾಗಿ ಕಲಬುರಗಿ ಸೀಮೆಯ ಹೊಲಗಳನ್ನು ತುಂಬಿತು. ಯಾವುದೋ ಹೊಲದ ಯಾವುದೋ ಹಳೆಯ ತೊಗರಿ, ಯಾರೋ ಎತ್ತಿಟ್ಟದ್ದು. ಎತ್ತಿಡದೆ ಹೋಗಿದ್ದರೆ ಸಾರಿಗೆ ಬೇಳೆಯ ಲೆಕ್ಕ ಬೇರೆಯೇ ಆಗುತ್ತಿತ್ತು.

ಒಂದೇ ಕಡೆ ಇಟ್ಟರೆ ಏನಾಗಬಹುದು ಎಂಬುದನ್ನು ಸಿರಿಯಾ ತೋರಿಸಿತು. ಅಲೆಪ್ಪೊ ಹತ್ತಿರದ ಇಕಾರ್ಡಾ ಬೀಜ ಭಂಡಾರ ಯುದ್ಧದಿಂದ ಕೈತಪ್ಪಿತು. ಅವರು ಸ್ವಾಲ್‌ಬಾರ್ಡ್‌ನಲ್ಲಿ ಇಟ್ಟಿದ್ದ ಪ್ರತಿಗಳನ್ನು 2015ರಲ್ಲಿ ವಾಪಸ್ ಪಡೆದು, ಲೆಬನಾನ್ ಮತ್ತು ಮೊರಾಕ್ಕೊದಲ್ಲಿ ಬೆಳೆದು, 2017ರಿಂದ ಹೊಸ ಬೀಜವನ್ನು ಮತ್ತೆ ತಂದಿಟ್ಟರು. ಆ ಹಗೇವಿನಿಂದ ಹೊರಬಂದ ಮೊದಲ ಕಾಳು ಅದು.

ಆದರೆ ಹಗೇವಿಗೂ ಈಗ ಬಿಸಿ ತಟ್ಟುತ್ತಿದೆ. 1970ರ ದಶಕದಿಂದೀಚೆಗೆ ಸ್ವಾಲ್‌ಬಾರ್ಡ್ ಸುಮಾರು 4 ಡಿಗ್ರಿ ಬೆಚ್ಚಗಾಗಿದೆ. 2015ರ ಡಿಸೆಂಬರ್ 19ರಂದು ಹಿಮ ಕುಸಿದು ಲಾಂಗ್‌ಯಿಯರ್‌ಬೈನ್‌ನ ಹನ್ನೊಂದು ಮನೆ ಕೊಚ್ಚಿಹೋದವು, ಇಬ್ಬರು ಸತ್ತರು. 2016ರ ಅಕ್ಟೋಬರ್‌ನಲ್ಲಿ ಹಿಮ ಬೀಳಬೇಕಾದ ಹೊತ್ತಿನಲ್ಲಿ ಮಳೆ ಸುರಿದು ಬೀಜ ಭಂಡಾರದ ಸುರಂಗದ ಬಾಗಿಲೊಳಗೆ ನೀರು ನುಗ್ಗಿತು. ಕೋಣೆಗಳವರೆಗೆ ಹೋಗಲಿಲ್ಲ, ಬೀಜಕ್ಕೆ ಏನೂ ಆಗಲಿಲ್ಲ. ಆಮೇಲೆ ಪ್ರವೇಶದ ಸುರಂಗವನ್ನು ನೀರು ಇಳಿಯದಂತೆ ಹೊಸದಾಗಿ ಕಟ್ಟಿದರು. 2020ರ ಜುಲೈ 25ರಂದು ಅಲ್ಲಿ 21.7 ಡಿಗ್ರಿ ದಾಖಲಾಯಿತು. ನಮ್ಮಲ್ಲಿ ಎ.ಸಿ. ಹಾಕಿಕೊಂಡು ಮಲಗುವ ಕೋಣೆಯ ಚಳಿ ಅಷ್ಟಿರುತ್ತದೆ.

ಬೀದರಿನ ಹಿರಿಯರು ಇನ್ನೊಂದು ಪ್ರಶ್ನೆ ಕೇಳಿದ್ದರು. "ಅಲ್ಲಿಟ್ಟ ಕಾಳು ಎಷ್ಟು ದಿನ ಬಾಳ್ತದ್ರಿ?" ಬೀಜಕ್ಕೂ ಆಯಸ್ಸಿದೆ. ಕಡಿಮೆ ತೇವದಲ್ಲಿ ಒಣಗಿಸಿ, ಅಲ್ಯೂಮಿನಿಯಂ ಚೀಲದಲ್ಲಿ ಮುಚ್ಚಿ, ಅಷ್ಟು ಚಳಿಯಲ್ಲಿಟ್ಟರೆ ಹಲವು ದಶಕ ಮೊಳಕೆ ಶಕ್ತಿ ಉಳಿಯುತ್ತದೆ, ಬೆಳೆಯಿಂದ ಬೆಳೆಗೆ ಲೆಕ್ಕ ಬೇರೆ. ಎಣ್ಣೆಯಂಶದ ಶೇಂಗಾ ಬೇಗ ಸೋಲುತ್ತದೆ. ಅದಕ್ಕೇ ಪಟಾನ್‌ಚೆರುವಿನಲ್ಲಿ ಆಗಾಗ ಒಂದಿಷ್ಟು ಕಾಳು ತೆಗೆದು ಮೊಳಕೆ ಬರಿಸಿ ನೋಡುತ್ತಾರೆ. ಮೊಳೆಯುವ ಪ್ರಮಾಣ ತೀರಾ ಕಡಿಮೆಯಾದರೆ ಆ ತಳಿಯನ್ನು ಮತ್ತೆ ಹೊಲದಲ್ಲಿ ಬಿತ್ತಿ ಹೊಸ ಬೀಜ ಮಾಡುತ್ತಾರೆ. ಆವರಣದೊಳಗೆ ಎರೆಭೂಮಿಯೂ ಇದೆ, ಕೆಂಪು ನೆಲವೂ ಇದೆ. ಹಿಂಗಾರಿನಲ್ಲಿ ನಮ್ಮ ಊರುಗಳ ಹೊಲದಲ್ಲಿ ಬಿಳಿಜೋಳ ತೆನೆ ಹಿರಿಯುವ ಹೊತ್ತಿಗೆ ಅಲ್ಲಿಯೂ ಈ ಕೆಲಸ ನಡೆದಿರುತ್ತದೆ. ಮುಂದಿನ ಸಲ ಬೀದರ್ ಬಸ್ಸಿನಲ್ಲಿ ಹೋಗುವಾಗ ಪಟಾನ್‌ಚೆರು ದಾಟುತ್ತಿದ್ದಂತೆ ಇಕ್ರಿಸ್ಯಾಟ್ ಬೋರ್ಡು ಬರುತ್ತದೆ, ಕಿಟಕಿಯಿಂದ ನೋಡಿ.